ತೆಗೆಸಲಿಲ್ಲ

ಜೂನ್ ೩

ತಂಗೀ,

ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲು ಕೂತುಕೋ. ಕೈಯಲ್ಲಿ ಬಿಸಿ ಏನಾದರೂ ಇದ್ದರೆ ಕೆಳಗಿಡು.

ನಿನ್ನೆ ಸಂಜೆ ಮೊಂಡಿ ಶಾಲೆಯಲ್ಲಿ ಪಾಠ ಹೇಳಿ ಬರುವಾಗ ಒಬ್ಬ ಹೆಂಗಸನ್ನು ಜೊತೆಗೆ ಕರೆದುಕೊಂಡು ಬಂದಳು. ಪುಸ್ತಕ ಬರೆಯುವವಳಂತೆ. ಹೆಸರಾದವರ ಜೀವನಚರಿತ್ರೆ ಬರೆಯುವುದೇ ಅವಳ ಕಸುಬಂತೆ. ನಾನು ಬ್ರೆಡ್ಡು ಕೊಯ್ಯುತ್ತಿದ್ದೆ. "ನಿಮ್ಮ ತಂಗಿ ಬಗ್ಗೆ ಬರೀಬೇಕು ಅಂತಿದೀನಿ, ನಿಮ್ಮ ಸಹಾಯ ಬೇಕು" ಅಂದಳು. ಬೆರಳು ಉಳಿದದ್ದೇ ಪುಣ್ಯ.

ನಿನ್ನ ಕೇಸು ನಡೆಸಿದ ವಕೀಲರಮ್ಮ ಸಾಯುವ ಮುಂಚೆ ಪತ್ರಿಕೆಯವರ ಮುಂದೆ ನಿನ್ನ ಹೆಸರು ಹೇಳಿ ಹೋದರಲ್ಲ, ಆವತ್ತೇ ನನಗೆ ಎದೆ ಧಸಕ್ಕೆಂದಿತ್ತು. ಅಷ್ಟು ವರ್ಷ ಕೋರ್ಟಿನ ಕಾಗದಗಳಲ್ಲಿ ಬರೀ 'ಅರ್ಜಿದಾರಳು' ಆಗಿ ತಣ್ಣಗಿದ್ದೆ. ಈಗ ನೋಡು. ಮೊಂಡಿಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಬೇರೆ ಮಕ್ಕಳಿಗೆ ಸೋದರಮಾವ ಪೊಲೀಸು, ದೊಡ್ಡಪ್ಪ ಡಾಕ್ಟರು ಎಂಬ ಜಂಬ. ಇವಳಿಗೆ ಚಿಕ್ಕಮ್ಮ. "ಈ ದೇಶದ ಹೆಂಗಸರಿಗೆ ಅವರ ಹೊಟ್ಟೆ ಅವರದ್ದಾಗಿದ್ದು ನಮ್ಮ ಚಿಕ್ಕಮ್ಮನಿಂದ" ಎಂದು ಟೀಚರುಗಳ ಸಂಘದಲ್ಲಿ ಭಾಷಣ ಬೇರೆ ಮಾಡಿದ್ದಾಳೆ. ಬಸಿರು ತೆಗೆಸಲು ಬಿಡುವ ಕಾನೂನನ್ನು ಮತ್ತೆ ಹಿಂದಕ್ಕೆ ತಿರುಗಿಸಲು ಯಾರೋ ಹೊರಟಿದ್ದಾರಂತೆ, ಅದಕ್ಕೆ ಹೋದ ಭಾನುವಾರ ಮೆರವಣಿಗೆ. ಜಡ್ಜು ನಿನ್ನನ್ನು ಏನು ಬೇಕು ಎಂದು ಕೇಳಿದ್ದಕ್ಕೆ ನೀನು 'ನನಗೆ ಇದು ಬೇಡ' ಎಂದೆಯಲ್ಲ, ಅದೇ ಈಗ ಘೋಷಣೆ. ಇವಳು 'ಬೇಡ ಅಂದರೆ ಬೇಡ' ಎಂದು ಬರೆದ ಹಲಗೆ ಎತ್ತಿಕೊಂಡು ಎಲ್ಲರಿಗಿಂತ ಮುಂದೆ. ಆ ಬೇಡವಾದದ್ದು ತಾನೇ ಹಲಗೆ ಹಿಡಿದು ಬೀದಿಯಲ್ಲಿ ಹೋಗುತ್ತಿರುವುದನ್ನು ನಾನು ಬೇಕರಿಯ ಬಾಗಿಲಲ್ಲಿ ನಿಂತು ನೋಡಬೇಕಾಯಿತು. ಕೈ ಬೀಸಿದಳು. ನಾನೂ ಬೀಸಿದೆ.

ಊರಿನವರೆಲ್ಲ ತಿಳಿದುಕೊಂಡಿರುವುದು ಏನು? ಗೆದ್ದಳು, ಹೋಗಿ ತೆಗೆಸಿದಳು, ಕತೆ ಮುಗಿಯಿತು. ಮೊಂಡಿ ತಿಳಿದುಕೊಂಡಿರುವುದೂ ಅದನ್ನೇ. ತೀರ್ಪು ಬಂದ ದಿನ ಅವಳು ನನ್ನ ಹೆಗಲ ಮೇಲೆ ಹಾಲು ಕಕ್ಕುತ್ತಿದ್ದಳು ಎಂಬುದು ನಿನಗೆ, ನನಗೆ, ನಿನ್ನ ಭಾವನಿಗೆ ಬಿಟ್ಟರೆ ಈಗ ಬದುಕಿರುವ ಯಾರಿಗೂ ಗೊತ್ತಿಲ್ಲ. ಗೊತ್ತಾಗಲೂ ಬಾರದು. ಆ ಪುಸ್ತಕದಮ್ಮ ನಿನ್ನ ಹತ್ತಿರವೂ ಬರುತ್ತಾಳೆ. ಬಾಯಿ ಬಿಗಿಹಿಡಿ.

ಬೇಕರಿಗೆ ಫೋನು ಹಾಕಿಸೋಣ ಎಂದು ಮೊಂಡಿಯ ವರಾತ. ನಾನು ಬೇಡವೆಂದೆ. ಮಾತಿನಲ್ಲಿ ಬಾಯಿ ಜಾರುತ್ತದೆ, ಕಾಗದವೇ ವಾಸಿ. ನಿನ್ನ ಕಾಗದಗಳನ್ನು ಓದಿದ ಮೇಲೆ ಎಂದಿನಂತೆ ಒಲೆಗೆ ಹಾಕುತ್ತೇನೆ. ಒಂದಿಷ್ಟು ಬ್ರೆಡ್ಡು ನಿನ್ನ ಅಕ್ಷರದ ಬೆಂಕಿಯಲ್ಲೇ ಬೆಂದಿದೆ.

ನಿನ್ನ ಅಕ್ಕ


ಜೂನ್ ೧೨

ಅಕ್ಕಾ,

ಕೂತುಕೊಂಡೇ ಓದಿದೆ. ಆದರೆ ಸುದ್ದಿ ನನಗೆ ಹಳೆಯದು. ಮೊಂಡಿ ನನಗೆ ಮೊದಲೇ ಬರೆದಿದ್ದಳು. ಒಪ್ಪಿಕೋ ಚಿಕ್ಕಮ್ಮ, ನನಗೋಸ್ಕರ ಒಪ್ಪಿಕೋ ಎಂದು. ಒಪ್ಪಿಕೊಂಡೆ. ಬೈಯುವುದಿದ್ದರೆ ಬೈದುಬಿಡು. ಆ ಹುಡುಗಿ ನನ್ನನ್ನು ಏನಾದರೂ ಕೇಳಿದ್ದು ಇದೇ ಮೊದಲು.

ಪುಸ್ತಕದಮ್ಮ ಹೋದ ವಾರ ಇಲ್ಲಿಗೆ ಬಂದಿದ್ದಳು. ಆಸ್ಪತ್ರೆಯ ಲಾಂಡ್ರಿ ನೋಡಬೇಕು ಎಂದಳು. ನೆಲಮಾಳಿಗೆಗೆ ಕರೆದುಕೊಂಡು ಹೋದೆ. ಹಬೆಯಲ್ಲಿ ಕನ್ನಡಕ ಮಂಜಾಗಿ ಏನೂ ಕಾಣದೆ ಗೋಡೆ ಹಿಡಿದು ನಿಂತಳು, ಪಾಪ. ನಾವು ಇಬ್ಬರು ಈ ಕಡೆಯಿಂದ ಒದ್ದೆ ಬೆಡ್‌ಶೀಟಿನ ಎರಡು ಮೂಲೆ ಹಿಡಿದು ಇಸ್ತ್ರಿಯ ರೋಲರಿಗೆ ಕೊಡುತ್ತೇವೆ, ಆ ಕಡೆ ಇಬ್ಬರು ಒಣಗಿದ್ದನ್ನು ಹಿಡಿದು ಮಡಿಸುತ್ತಾರೆ. ಬಟ್ಟೆ ಒಳಗೆ ಹೋಗುವಾಗ ಬೆರಳನ್ನು ಹಿಂದಕ್ಕೆ ತೆಗೆಯುವುದೇ ಇಲ್ಲಿಯ ವಿದ್ಯೆ. ಆಕೆ ಇದನ್ನೆಲ್ಲ ಬರೆದುಕೊಂಡಳು. ಗೆದ್ದ ದಿನ ನಿಮಗೇನನ್ನಿಸಿತು ಎಂದು ಕೇಳಿದಳು. ಆವತ್ತು ಹೆರಿಗೆ ವಾರ್ಡಿನ ಬಟ್ಟೆ ಬಹಳ ಬಂದಿತ್ತು ಎಂದೆ. ಅದನ್ನೂ ಬರೆದುಕೊಂಡಳು.

ಆಕೆ ಕೆಟ್ಟವಳಲ್ಲ. ಅದೇ ಭಯ. ಕೆಟ್ಟವರ ಮುಂದೆ ನಾನು ಚೆನ್ನಾಗಿ ಸುಮ್ಮನಿರಬಲ್ಲೆ.

ಒಂದೇ ನಿಯಮ ಇಟ್ಟುಕೊಳ್ಳೋಣ. ಕೋರ್ಟಿನ ವಿಷಯ ಏನು ಬೇಕಾದರೂ ಕೇಳಲಿ. ಆಮೇಲೆ ಏನಾಯಿತು ಎಂದು ಕೇಳಿದರೆ 'ಅವಳನ್ನೇ ಕೇಳಿ' ಎಂದುಬಿಡು. ನಾನು 'ಅದು ನನ್ನ ಸ್ವಂತ ವಿಷಯ' ಎನ್ನುತ್ತೇನೆ. ನೀನು ಮಾತಿನ ಮಲ್ಲಿ, ಒಂದಕ್ಕೆ ಹತ್ತು ಸೇರಿಸಬೇಡ. ಕಾನೂನು ತಿರುಗಿಸಲು ಹೊರಟವರಿಗೆ ಗೊತ್ತಾದರೆ ಮೊಂಡಿಯನ್ನು ವೇದಿಕೆ ಹತ್ತಿಸಿ, ನೋಡಿ ಇವಳನ್ನೇ ಕೊಲ್ಲಲು ಹೊರಟಿದ್ದರು ಎಂದು ತೋರಿಸುತ್ತಾರೆ. ಅವರು ಮಾಡುವುದು ಹಾಗಿರಲಿ. ಅವಳಿಗೆ ಗೊತ್ತಾದರೆ ಏನಾಗುತ್ತದೆ ಎಂಬುದನ್ನು ಯೋಚಿಸಲೂ ನನಗೆ ಧೈರ್ಯವಿಲ್ಲ.

ತಂಗಿ


ಜೂನ್ ೨೬

ತಂಗೀ,

ಮಾತಿನ ಮಲ್ಲಿಯಂತೆ! ನಿನ್ನ ಪಾಲಿನ ಮಾತನ್ನೂ ನಾನೇ ಆಡಿ ಈ ಸಂಸಾರ ನಡೆಸಿದ್ದೇನೆ, ನೆನಪಿರಲಿ.

ಪುಸ್ತಕದಮ್ಮ ಮೊಂಡಿಗೆ ನಿನ್ನ ಕೇಸಿನ ನಡಾವಳಿಯ ನಕಲು ಕೊಟ್ಟಿದ್ದಾಳೆ. ಇವಳು ಊಟದ ಹೊತ್ತಿನಲ್ಲಿ ಅದನ್ನು ಗಟ್ಟಿಯಾಗಿ ಓದುತ್ತಾಳೆ. ಜಡ್ಜಿನದು ಒಂದು ದನಿ, ಆ ಕಡೆಯ ವಕೀಲನದು ಒಂದು ದನಿ, ನಿನ್ನದು ಇನ್ನೊಂದು. ನಿನ್ನ ದನಿಯನ್ನು ಅವಳು ತೆಗೆಯುವುದೇ ಬೇಡ, ಹುಟ್ಟಿದಾಗಿನಿಂದ ಅದೇ ಇದೆ. 'ನನಗೆ ಇದು ಬೇಡ' ಎಂಬಲ್ಲಿಗೆ ಬಂದಾಗ ಕಣ್ಣಲ್ಲಿ ನೀರು ತಂದುಕೊಂಡು, "ಎಂಥಾ ಗಟ್ಟಿಗಿತ್ತಿ ಅಲ್ವಾ ಅಮ್ಮ?" ಅಂದಳು. ನಾನು ಬನ್ನು ಸೀಯುತ್ತಿದೆ ಎಂದು ಎದ್ದು ಹೋದೆ. ಒಲೆ ಆರಿ ಎಷ್ಟೋ ಹೊತ್ತಾಗಿತ್ತು.

ನಿನ್ನ ಭಾವ ಹಿಟ್ಟು ನಾದುತ್ತಾ, "ಹೇಳ್ಬಿಡೋಣ ಕಣೆ. ಬೇರೆಯವ್ರ ಬಾಯಿಂದ ಕೇಳೋ ಬದ್ಲು ನಾವೇ ಹೇಳೋದು ಒಳ್ಳೇದು" ಅಂದರು. ವರ್ಷಕ್ಕೆ ನಾಲ್ಕು ಮಾತಾಡುವ ಮನುಷ್ಯ, ಅದರಲ್ಲಿ ಒಂದನ್ನು ಇದಕ್ಕೆ ಖರ್ಚು ಮಾಡಿದರು. ನಾನು ಕೇಳಲಿಲ್ಲ. ಏನೆಂದು ಹೇಳುವುದು? ನೀನು ಹೊಗಳುತ್ತಿರುವ ಆ ಮಾತು ನಿನ್ನ ಮೇಲೇ ಆಡಿದ್ದು ಮಗಳೇ ಎಂದೇ?

ಇನ್ನೊಂದು ಮಾತು ಮನಸ್ಸಿನಲ್ಲಿದೆ, ಹೇಳಿಬಿಡುತ್ತೇನೆ. ನೀನು ವರ್ಷಕ್ಕೊಮ್ಮೆ ಬರುತ್ತೀ. ಒಂದು ರಾತ್ರಿಯೂ ನಿಲ್ಲುವುದಿಲ್ಲ. ಅವಳ ಮುಖ ಸರಿಯಾಗಿ ನೋಡುವುದಿಲ್ಲ. ಅವಳು ಚಿಕ್ಕಮ್ಮ ಚಿಕ್ಕಮ್ಮ ಎಂದು ಹಿಂದೆ ಮುಂದೆ ಸುತ್ತುತ್ತಿದ್ದರೆ ನೀನು ಬಸ್ಸಿನ ಸಮಯ ಕೇಳುತ್ತೀ. ನಿನ್ನದು ಕಲ್ಲು ಮನಸ್ಸು ಎಂದು ನಿನ್ನ ಭಾವನ ಹತ್ತಿರ ಎಷ್ಟೋ ಸಲ ಹೇಳಿದ್ದೇನೆ. ಒಳ್ಳೆಯದೇ ಆಯಿತು, ಅದೇ ನಮ್ಮನ್ನು ಇಷ್ಟು ದಿನ ಕಾಪಾಡಿದೆ.

ಅಕ್ಕ


ಜುಲೈ ೯

ಅಕ್ಕಾ,

ಮುಖ ನೋಡುವುದಿಲ್ಲ, ನಿಜ. ನೋಡಿದರೆ ಸಿಕ್ಕಿಬೀಳುತ್ತೇನೆ. ಅದಕ್ಕೆ ಕೈ ನೋಡುತ್ತೇನೆ. ಸೀಮೆಸುಣ್ಣ ಹಿಡಿದು ಹಿಡಿದು ಅವಳ ಬಲಗೈಯ ತೋರುಬೆರಳು ಒಂದು ಕಡೆ ಒಣಗಿ ಸಿಪ್ಪೆ ಎದ್ದಿರುತ್ತದೆ. ಎಣ್ಣೆ ಹಚ್ಚಿಕೊಳ್ಳಲು ಹೇಳು. ನಾನು ಹೇಳಿದೆ ಎನ್ನಬೇಡ.

ಪುಸ್ತಕದಮ್ಮ ಮತ್ತೆ ಬಂದಿದ್ದಳು. ಆ ಗಂಡಸು ಯಾರೆಂದು ಕೇಳಿದಳು. ಅವನಿಗೆ ನಿಮ್ಮ ಪುಸ್ತಕದಲ್ಲಿ ಅರ್ಧ ಸಾಲೂ ಸಿಗಬಾರದು, ಅದೇ ನನ್ನ ಷರತ್ತು ಎಂದೆ. ನಕ್ಕಳು. ಆಮೇಲೆ ಕೇಸು ಅಷ್ಟು ಏಕೆ ಎಳೆಯಿತು ಎಂದಳು. ಅದನ್ನು ಹೇಳಿದೆ. ವಾರದೊಳಗೆ ಆದೇಶ ತರುತ್ತೇನೆ ಎಂದಿದ್ದರು ವಕೀಲರಮ್ಮ. ಆ ಕಡೆಯವರು ವಾಯಿದೆ ಮೇಲೆ ವಾಯಿದೆ ತೆಗೆದುಕೊಂಡರು. ಒಮ್ಮೆ ಅವರ ದೊಡ್ಡ ವಕೀಲನಿಗೆ ಜ್ವರ, ಒಮ್ಮೆ ಕಾಗದ ಬಂದಿಲ್ಲ, ಒಮ್ಮೆ ಕೋರ್ಟಿಗೇ ರಜೆ. ಪ್ರತಿ ವಾಯಿದೆಗೂ ನಾನು ಬಟ್ಟೆಯ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡು ಹೋಗುತ್ತಿದ್ದೆ. ಜಡ್ಜು ಕೊಡುತ್ತಲೇ ಹೋದರು. ಹೊಟ್ಟೆಗೆ ಯಾರೂ ವಾಯಿದೆ ಕೊಡುವುದಿಲ್ಲ.

ಹೆತ್ತ ಮೇಲೂ ಕೇಸು ಏಕೆ ನಡೆಸಿದೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ನನ್ನ ಬಸಿರು ಮುಗಿದಿತ್ತು, ಕೇಸು ಮುಗಿದಿರಲಿಲ್ಲ. "ನಿನಗಾಗ್ಲಿಲ್ಲ, ಮುಂದಿನವಳಿಗಾದ್ರೂ ಆಗ್ಲಿ" ಎಂದರು ವಕೀಲರಮ್ಮ. ಆ ಮುಂದಿನವಳು ಯಾರೋ ನನಗೆ ಗೊತ್ತಿಲ್ಲ. ಅವಳಿಗೆ ಒಳ್ಳೆಯದಾಗಿರಲಿ. ನೀನು ಮಗುವನ್ನು ಎತ್ತಿಕೊಂಡು ಗುರುತಿಲ್ಲದ ಊರಿಗೆ ಹೋಗಿ ಬೇಕರಿ ಹಾಕಿದೆ. ನಾನು ಕೋರ್ಟಿಗೆ ಹೋದೆ. ನಮ್ಮಿಬ್ಬರಲ್ಲಿ ನಿನ್ನ ಕೆಲಸವೇ ಕಷ್ಟದ್ದು ಎಂದು ಜನಕ್ಕೆ ಗೊತ್ತಿಲ್ಲ.

ಮೊಂಡಿ ಎಂದು ಮೊದಲು ಕರೆದದ್ದು ನಾನು, ನೆನಪಿದೆಯೇ? ಏನೇನು ಕುಡಿದರೂ ಜಗ್ಗದೆ ಉಳಿದಿದ್ದಳು. ನೀನು ಅದನ್ನೇ ಮುದ್ದಿನ ಹೆಸರು ಮಾಡಿಬಿಟ್ಟೆ.

ಕೆಮ್ಮು ಎಂದು ಮೊಂಡಿ ಬರೆದಿದ್ದಳು, ಕಡಿಮೆಯಾಯಿತೇ?

ತಂಗಿ


ಜುಲೈ ೨೩

ತಂಗೀ,

ಶಹಭಾಸ್ ಎನ್ನು ನಿನ್ನ ಅಕ್ಕನಿಗೆ. ನಿನ್ನೆ ಪುಸ್ತಕದಮ್ಮ ಇಡೀ ಮಧ್ಯಾಹ್ನ ನನ್ನೆದುರು ಕೂತಿದ್ದಳು, ನನ್ನ ಬಾಯಿಂದ ಆ ವಿಷಯದ ಒಂದು ಅಕ್ಷರವೂ ಹೊರಗೆ ಬೀಳಲಿಲ್ಲ.

ಮೊದಲು ನಿನ್ನ ಚಿಕ್ಕಂದಿನ ವಿಷಯ ಕೇಳಿದಳು. ನೀನು ಮರದಿಂದ ಬಿದ್ದದ್ದು, ಹಲ್ಲು ಮುರಿದದ್ದು ಎಲ್ಲ ಹೇಳಿದೆ. ಆಮೇಲೆ ಪುಸ್ತಕಕ್ಕೆ ಹಾಕಲು ಆ ಕಾಲದ ನಿನ್ನ ಫೋಟೋ ಇದೆಯೇ ಎಂದಳು. ಇಲ್ಲ ಎಂದೆ. ಅಷ್ಟರಲ್ಲಿ ಒಲೆಯೊಳಗಿನ ತಟ್ಟೆ ತಿರುಗಿಸುವ ಹೊತ್ತಾಯಿತು. ಹೋಗಿ ಬಂದೆ. ನಾನು ಬಂದು ಕೂರುವುದಕ್ಕೂ ಮೊಂಡಿ ಶಾಲೆಯಿಂದ ಬಂದು, ಒಳಗಿನಿಂದ ಬನ್ನಿನ ತಟ್ಟೆ ಎತ್ತಿಕೊಂಡು ಬರುವುದಕ್ಕೂ ಸರಿಹೋಯಿತು. ಪುಸ್ತಕದಮ್ಮ ದನಿ ತಗ್ಗಿಸಿ ಕೇಳಿದಳು.

"ತೀರ್ಪು ಬಂದ್ಮೇಲೆ ಎಲ್ಲಿ ತೆಗೆಸಿದ್ರು? ಯಾವ ಊರಲ್ಲಿ?"

ಫೋಟೋದ ಹುಚ್ಚು ಇನ್ನೂ ಬಿಟ್ಟಿಲ್ಲವಲ್ಲ ಇವಳಿಗೆ ಎಂದುಕೊಂಡೆ. "ಎಲ್ಲಿ ತೆಗೆಸಿದ್ಲು! ತೆಗೆಸ್ಲೇ ಇಲ್ಲ ಕಣ್ರೀ," ಅಂದೆ. "ವಕೀಲರಮ್ಮನೂ ಹೇಳಿದ್ರು, ನಾನೂ ಹೇಳ್ದೆ. ಮೊದಮೊದ್ಲು ಹೂಂ ಅಂತಿದ್ಲು. ಆಮೇಲೆ ಹೊತ್ತು ಮೀರಿಹೋಯ್ತು, ಇನ್ಯಾಕೆ ಬಿಡು ಅಂತ ನಾನೂ ಸುಮ್ಮನಾದೆ."

ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಮೊಂಡಿ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. "ತೆಗೆಸ್ಲೇ ಇಲ್ವಾ ಅಮ್ಮ?" ಅಂದಳು.

"ಇಲ್ಲ ಕಣೆ. ನನ್ನಾಣೆಗೂ ಇಲ್ಲ."

ನಿನ್ನ ಒಂದು ಫೋಟೋಕ್ಕೆ ಇಷ್ಟು ಬೇಜಾರೇ ಎಂದು ನನಗೆ ಒಳಗೊಳಗೇ ನಗು. ಪುಸ್ತಕದಮ್ಮ ಮೊಂಡಿಗೆ ವಯಸ್ಸೆಷ್ಟು ಎಂದು ಕೇಳಿದಳು. ಇವಳು ಹೇಳಿದಳು. ಗಂಡು ಗೊತ್ತುಮಾಡಲು ಕೇಳಿರಬೇಕು, ಅವಳಿಗೊಬ್ಬ ತಮ್ಮ ಇದ್ದಾನೆ ಎಂದು ಮೊದಲೇ ಹೇಳಿದ್ದಳು. ಆಮೇಲೆ ಬನ್ನನ್ನೂ ತಿನ್ನದೆ ಎದ್ದಳು. ಮೊಂಡಿ ಬಸ್ಸಿನವರೆಗೆ ಬಿಟ್ಟು ಬಂದು, ತಲೆನೋವು ಎಂದು ಮಹಡಿಗೆ ಹೋಗಿ ಮಲಗಿದಳು. ಬಿಸಿಲಿನಲ್ಲಿ ಓಡಾಡುತ್ತಾಳೆ, ಕೊಡೆ ಹಿಡಿ ಎಂದರೆ ಕೇಳುವುದಿಲ್ಲ.

ಅಂತೂ ಗಂಡಾಂತರ ಕಳೆಯಿತು. ಇನ್ನು ಅವಳು ಇಲ್ಲಿಗೆ ಬರುವುದಿಲ್ಲವಂತೆ. ಬೆರಳಿಗೆ ಎಣ್ಣೆ ಹಚ್ಚುತ್ತಿದ್ದೇನೆ.

ಅಕ್ಕ


ಜುಲೈ ೩೦

ಅಕ್ಕಾ,

ಅವಳು ಕೇಳಿದ್ದು ಫೋಟೋ ಅಲ್ಲ.

ಮತ್ತೊಮ್ಮೆ ಓದಿಕೋ. ತೀರ್ಪು ಬಂದ ಮೇಲೆ ಯಾವ ಊರಲ್ಲಿ ತೆಗೆಸಿದರು ಎಂದು ಕೇಳಿದಳು. ನೀನು ತೆಗೆಸಲೇ ಇಲ್ಲ, ಹೊತ್ತು ಮೀರಿಹೋಯಿತು ಎಂದೆ. ಆಣೆ ಬೇರೆ ಇಟ್ಟೆ. ಅವಳು ವಯಸ್ಸು ಕೇಳಿದ್ದು ತಮ್ಮನಿಗಲ್ಲ ಅಕ್ಕಾ.

ಮೊಂಡಿಯ ಮುಖ ಹೇಗಿತ್ತು? ತಟ್ಟೆ ಕೈಯಲ್ಲೇ ಇತ್ತೇ? ರಾತ್ರಿ ಊಟ ಮಾಡಿದಳೇ? ನೀನು ಬರೆಯಬೇಕಾದದ್ದು ಅದು, ಬನ್ನಿನ ವಿಷಯ ಅಲ್ಲ. ಅವಳು ಲೆಕ್ಕದ ಟೀಚರು. ಅರ್ಜಿ ಹಾಕಿದಾಗ ಎಷ್ಟು ತಿಂಗಳು ಎಂಬುದು ಆ ನಡಾವಳಿಯಲ್ಲೇ ಇದೆ. ತೆಗೆಸಿದಳು ಎಂದೇ ಎಲ್ಲರೂ ನಂಬಿದ್ದರಿಂದ ಇಷ್ಟು ದಿನ ಯಾರೂ ಲೆಕ್ಕ ಹಾಕಿ ನೋಡಿರಲಿಲ್ಲ. ತೆಗೆಸಲಿಲ್ಲ ಎಂದರೆ ಹುಟ್ಟಿತು. ಹುಟ್ಟಿತು ಎಂದರೆ ಯಾವಾಗ ಎಂದು ಕೂಡಿಸಿದರೆ ಸಾಕು.

ಈಗಲೇ ಅವಳಿಗೆ ಹೇಳು, ಫೋಟೋ ಎಂದುಕೊಂಡು ಹಾಗೆಂದೆ ಎಂದು. ನಕ್ಕು ಹೇಳು. ನಿನಗೆ ನಗುವುದು ಬರುತ್ತದೆ. ಪುಸ್ತಕದಮ್ಮನನ್ನು ನಾನು ನೋಡಿಕೊಳ್ಳುತ್ತೇನೆ. ಮಗು ಹುಟ್ಟಿತು, ಉಳಿಯಲಿಲ್ಲ ಎನ್ನುತ್ತೇನೆ.

ಬೈಯಬೇಕು ಎಂದು ಕೂತೆ. ಬೈಯಲೂ ಆಗುತ್ತಿಲ್ಲ.

ತಂಗಿ


ಆಗಸ್ಟ್ ೬

ತಂಗೀ,

ನೀನು ಗಾಬರಿ ಬೀಳಬೇಡ. ನಾನು ಹೇಳಿದೆ. ಫೋಟೋ ಎಂದುಕೊಂಡು ಹಾಗೆಂದೆ ಕಣೆ, ನನ್ನ ಪೆದ್ದುತನ ನೋಡು ಎಂದೆ. ನಕ್ಕಳು. "ಅಯ್ಯೋ ಅಮ್ಮ" ಅಂದಳು. ಅಲ್ಲಿಗೆ ಮುಗಿಯಿತು.

ಚೆನ್ನಾಗಿದ್ದಾಳೆ. ಶಾಲೆಗೆ ಹೋಗುತ್ತಾಳೆ, ಬರುತ್ತಾಳೆ. ನಿನ್ನೆ ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚಿದಳು. ಬಾಚುತ್ತಾ, "ನಾನು ಹುಟ್ಟಿದಾಗ ನಿಂಗೆ ತುಂಬಾ ನೋವಾಯ್ತಾ ಅಮ್ಮ?" ಎಂದು ಕೇಳಿದಳು. "ಹೂಂ, ಜೀವ ಹೋಗಿ ಬಂತು" ಅಂದೆ. "ಎಲ್ಲಿ ನೋವು ಶುರುವಾಗುತ್ತೆ, ಹೊಟ್ಟೇಲೋ ಬೆನ್ನಲ್ಲೋ?" ಅಂದಳು. ಹೊಟ್ಟೆಯಲ್ಲಿ ಎಂದೆ. ನಿನಗೆ ಬೆನ್ನಿನಿಂದ ಬಂದಿತ್ತು ಎಂದು ಆಮೇಲೆ ನೆನಪಾಯಿತು. ಎರಡೂ ಇರಬಹುದು, ಅಲ್ಲವೇ? ಹೆಂಗಸಿಂದ ಹೆಂಗಸಿಗೆ ಬೇರೆ ಬೇರೆ. ಜಡೆ ಹೆಣೆದು ಮುಗಿಸಿ ನನ್ನ ನೆತ್ತಿಯ ಮೇಲೆ ಗಲ್ಲ ಇಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು. ಪ್ರೀತಿ ಬಂದಾಗ ಹಾಗೆ ಮಾಡುತ್ತಾಳೆ.

ಶಾಲೆಗೆ ಕೆಲವು ದಿನ ರಜೆ ಹಾಕಿದ್ದಾಳೆ. ಜೊತೆಯ ಟೀಚರುಗಳೆಲ್ಲ ಎಲ್ಲಿಗೋ ಸುತ್ತಾಡಿ ಬರಲು ಹೊರಟಿದ್ದಾರಂತೆ. ಹೋಗಿ ಬರಲಿ, ಗಾಳಿ ಬದಲಾದರೆ ಕೆಮ್ಮಿಗೂ ಒಳ್ಳೆಯದು.

ಅಕ್ಕ


ಆಗಸ್ಟ್ ೧೪

ಅಕ್ಕಾ,

ಪುಸ್ತಕದಮ್ಮ ಬಂದಿದ್ದಳು. ನನ್ನ ಕೋಣೆಯಲ್ಲೇ ಕೂರಿಸಿದೆ. ಒಂದು ಕುರ್ಚಿ, ಒಂದು ಮಂಚ, ಆಚೆ ಕಟ್ಟಡದ ಗೋಡೆ ಕಾಣುವ ಕಿಟಕಿ. ನಾಡಿಗೇ ಕಾನೂನು ತಂದವಳ ಅರಮನೆ ಎಂದೆ. ಆಕೆ ನಗಲಿಲ್ಲ.

ಮಗು ಹುಟ್ಟಿತ್ತು, ಉಸಿರಾಡಲಿಲ್ಲ ಎಂದು ಹೇಳಿದೆ. ಚೆನ್ನಾಗಿಯೇ ಹೇಳಿದೆ. ಆಸ್ಪತ್ರೆಯಿಂದ ಅಂಥ ಬಟ್ಟೆ ನಮ್ಮಲ್ಲಿಗೆ ಬರುತ್ತಲೇ ಇರುತ್ತದೆ, ಏನು ಹೇಳಬೇಕು ಎಂದು ನನಗೆ ಗೊತ್ತು. ಆಕೆ ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟಳು. "ನಾನಿದನ್ನ ಬರೆಯಲ್ಲಮ್ಮ," ಅಂದಳು. "ನೀವು ಈಗ ಹೇಳಿದ್ದನ್ನೂ ಬರೆಯಲ್ಲ, ನಿಮ್ಮ ಅಕ್ಕ ಹೇಳಿದ್ದನ್ನೂ ಬರೆಯಲ್ಲ. ನೀವು ಸಮಾಧಾನ ಹೇಳಬೇಕಾದ್ದು ನಂಗಲ್ಲ. ಆವತ್ತು ಬಸ್ಸಿಗೆ ಬಿಡೋಕೆ ಬಂದಾಗ ನಿಮ್ಮ ಅಕ್ಕನ ಮಗಳು ದಾರಿಯುದ್ದಕ್ಕೂ ಬೆರಳು ಮಡಿಸಿ ಎಣಿಸ್ತಿದ್ರು."

ನಾವು ಪುಸ್ತಕಕ್ಕೆ ಹೆದರಿದೆವು, ಅಕ್ಕಾ. ಪುಸ್ತಕವನ್ನು ಬೇಡಿಕೊಂಡರೆ ನಿಲ್ಲಿಸಬಹುದಾಗಿತ್ತು.

ಅವಳು ನಕ್ಕಳು ಎಂದು ಬರೆದಿದ್ದೀಯ. ನಿಜವೇ?

ತಂಗಿ


ಆಗಸ್ಟ್ ೨೨

ಅಕ್ಕಾ,

ಮೊಂಡಿ ಬಂದಿದ್ದಳು. ನಿನ್ನೆ ಪಾಳಿ ಮುಗಿಸಿ ಹೊರಗೆ ಬಂದಾಗ ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ನಿಂತಿದ್ದಳು. "ಚಿಕ್ಕಮ್ಮ" ಅಂದಳು. ಸದ್ಯ, ಇನ್ನೂ ಚಿಕ್ಕಮ್ಮನೇ ಎಂದು ನನಗೆ ಉಸಿರು ಬಂತು.

ಕೋಣೆಗೆ ಕರೆದುಕೊಂಡು ಬಂದೆ. ಅವಳು ಕುರ್ಚಿಯ ಮೇಲೆ, ನಾನು ಮಂಚದ ಮೇಲೆ. ಸುತ್ತಲೂ ನೋಡಿ, "ನನ್ನದೊಂದು ಫೋಟೋನೂ ಇಟ್ಟುಕೊಂಡಿಲ್ಲ ನೀನು" ಅಂದಳು. ಬೇಕರಿಯಲ್ಲಿ ಇವೆಯಲ್ಲ ಎಂದೆ. ಎಂಥ ಮಾತು ಬಂತು ನೋಡು ನನ್ನ ಬಾಯಿಗೆ.

"ಲೆಕ್ಕ ಮಾಡ್ದೆ ಚಿಕ್ಕಮ್ಮ. ಹಿಂದಿಂದ ಮಾಡ್ದೆ, ಮುಂದಿಂದ ಮಾಡ್ದೆ. ಅದೇ ಉತ್ತರ ಬರುತ್ತೆ."

ನಾನು ಇಲ್ಲ ಎನ್ನಲಿಲ್ಲ. ಟೀ ಮಾಡಿಕೊಟ್ಟೆ. ಕುಡಿದಳು.

"ತೀರ್ಪು ಮೊದ್ಲೇ ಬಂದಿದ್ರೆ?"

ಸುಳ್ಳು ಹೇಳಬಹುದಿತ್ತು. ನೀನಾಗಿದ್ದರೆ ಹೇಳುತ್ತಿದ್ದೆ, ಅದು ಸರಿಯೂ ಆಗುತ್ತಿತ್ತು. ಆದರೆ ಆ ಹಲಗೆ ಹಿಡಿದು ಬೀದಿಯಲ್ಲಿ ನಡೆದವಳು ಅವಳು. ಅವಳೆದುರು ಮಾತು ತಿರುಗಿಸಿದರೆ ಕೋರ್ಟಿನಲ್ಲಿ ಹೇಳಿದ್ದೂ ಸುಳ್ಳಾಗುತ್ತದೆ ಎನ್ನಿಸಿತು. "ತೆಗೆಸ್ತಿದ್ದೆ" ಅಂದೆ.

"ಸರಿ" ಅಂದಳು. ಅಳಲಿಲ್ಲ. "ಸರಿಯಾಗೇ ಇದೆ. ಬೇರೆ ಯಾರ ವಿಷಯ ಆಗಿದ್ರೂ ನಾನೂ ಅದನ್ನೇ ಹೇಳ್ತಿದ್ದೆ."

ಲೋಟ ತೊಳೆದು ಬೋರಲು ಹಾಕಿದಳು. ರಾತ್ರಿ ಇಲ್ಲೇ ಇರು ಎಂದೆ, ಇಲ್ಲ ಹೋಗುತ್ತೇನೆ ಎಂದಳು. ಬಸ್ ನಿಲ್ದಾಣದವರೆಗೆ ಹೋದೆ. ಈ ಕಾಗದ ತಲುಪುವಷ್ಟರಲ್ಲಿ ಅವಳು ನಿನ್ನ ಹತ್ತಿರ ಬಂದು ಎಷ್ಟೋ ದಿನವಾಗಿರುತ್ತದೆ. ಏನನ್ನೂ ಕೇಳಬೇಡ. ಹೊಟ್ಟೆ ತುಂಬ ಊಟ ಹಾಕು. ನೀನು ಅವಳ ಅಮ್ಮ, ನಿನಗೆ ತಿಳಿಯುತ್ತದೆ ಏನು ಹೇಳಬೇಕೆಂದು.

ತಂಗಿ


ಆಗಸ್ಟ್ ೨೩

ತಂಗೀ,

ನಿನ್ನ ಹದಿನಾಲ್ಕನೆಯ ತಾರೀಕಿನ ಕಾಗದ ಬಂತು. ಅವಳು ನಗಲಿಲ್ಲ. ಫೋಟೋ ಎಂದುಕೊಂಡೆ ಎಂದು ನಾನು ನಕ್ಕಾಗ, ನನ್ನ ಕೆನ್ನೆ ಮುಟ್ಟಿ "ಇರ್ಲಿ ಬಿಡಮ್ಮ" ಅಂದಳು. ಅದನ್ನು ಬರೆಯಲು ಆಗಲಿಲ್ಲ, ನಕ್ಕಳು ಎಂದು ಬರೆದೆ. ಮೊನ್ನೆ ಬೆಳಿಗ್ಗೆ ಹೊರಟು ಹೋದಳಲ್ಲ, ಟೀಚರುಗಳ ಜೊತೆ ಸುತ್ತಾಟವೂ ಇಲ್ಲ, ಎಂಥದೂ ಇಲ್ಲ. ಅವಳ ಜೊತೆಯವಳು ನಿನ್ನೆ ಬ್ರೆಡ್ಡಿಗೆ ಬಂದಿದ್ದಳು, ಅವಳಿಗೆ ಏನೂ ಗೊತ್ತಿಲ್ಲ.

ಆದ್ದರಿಂದ ಎಲ್ಲಿ ಹೋಗಿರುತ್ತಾಳೆ ಎಂದು ಅರ್ಥವಾಯಿತು. ನಿನ್ನ ಹತ್ತಿರ ಹೋಗಿದ್ದಾಳೆ. ಇನ್ನೆಲ್ಲಿಗೆ ಹೋಗುತ್ತಾಳೆ? ಮೊದಲು ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಮಹಡಿಗೆ ಹೋಗಿ ಅವಳ ಮಂಚದ ಮೇಲೆ ಕೂತು ಚೆನ್ನಾಗಿ ಅತ್ತೆ. ಆಮೇಲೆ ನಿನ್ನ ಭಾವ ಬಂದು ಪಕ್ಕದಲ್ಲಿ ಕೂತರು. ಹಿಟ್ಟಿನ ಕೈಯಲ್ಲೇ ನನ್ನ ಕೈ ಹಿಡಿದುಕೊಂಡರು.

ತಂಗೀ, ಅವಳು ಅಲ್ಲೇ ಇರಲಿ. ಎಷ್ಟು ದಿನ ಬೇಕಾದರೂ ಇರಲಿ. ನಿನ್ನನ್ನು ಅಮ್ಮ ಎಂದು ಕರೆದರೆ ಓಗೊಡು, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಅವಳು ಕೇಳಿದ್ದನ್ನೆಲ್ಲ ಹೇಳು. ನನಗೆ ಹೇಳುವ ಬಾಯಿ ಇಲ್ಲ, ಜೀವನವೆಲ್ಲ ಅವಳಿಗೆ ಸುಳ್ಳೇ ಹೇಳಿದವಳು. ನೀನು ಒಂದು ಮಾತು ಆಡಿದರೆ ಅವಳು ನಂಬುತ್ತಾಳೆ. ಕಲ್ಲು ಮನಸ್ಸು ಎಂದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಿಮ್ಮಿಬ್ಬರ ನಡುವೆ ಬರಬಾರದು ಎಂದು ನಾನು ಅಲ್ಲಿಗೆ ಬರುತ್ತಿಲ್ಲ. ಅವಳಿಗೆ ರಾತ್ರಿ ಕಾಲು ತಣ್ಣಗಾಗುತ್ತದೆ, ಹೊದಿಕೆ ಎರಡು ಹಾಕು.

ಅಕ್ಕ


ಆಗಸ್ಟ್ ೩೦

ಅಕ್ಕಾ,

ನಿನ್ನ ಕಾಗದ ಇವತ್ತು ಬಂತು. ಓದಿದ ಕೂಡಲೇ 'ಮೊಂಡಿ ಇಲ್ಲಿಲ್ಲ, ಅಲ್ಲಿದ್ದರೆ ತಿಳಿಸು' ಎಂದು ತಂತಿ ಕೊಟ್ಟೆ. ಅಲ್ಲಿಲ್ಲ ಎಂದು ಭಾವನ ತಂತಿ ಸಂಜೆಗೆ ಬಂತು. ನೀನು ಅವಳು ನನ್ನ ಹತ್ತಿರ ಇದ್ದಾಳೆ ಎಂದುಕೊಂಡೆ. ನಾನು ನಿನ್ನ ಹತ್ತಿರ ಎಂದುಕೊಂಡೆ. ಇಷ್ಟು ದಿನ ಅವಳನ್ನು ಯಾರೂ ಹುಡುಕಲಿಲ್ಲ.

ಪೊಲೀಸ್ ಠಾಣೆಗೆ ಹೋಗಿದ್ದೆ. ದೊಡ್ಡವಳು, ತಾನಾಗಿ ಹೋದವಳು ಎಂದರು. ನೀವು ಏನಾಗಬೇಕು ಎಂದು ಕೇಳಿದರು. ಚಿಕ್ಕಮ್ಮ ಎಂದೆ. ಹಾಗಾದರೆ ತಾಯಿ ತಂದೆ ಬಂದು ದೂರು ಕೊಡಲಿ ಎಂದರು. ನೀನೂ ಭಾವನೂ ನಾಳೆಯೇ ಅಲ್ಲಿಯ ಠಾಣೆಗೆ ಹೋಗಿ. ಆಮೇಲೆ ಮನೆಯಲ್ಲೇ ಇರಿ. ನಾನು ಇಲ್ಲಿಂದ ಕದಲುವುದಿಲ್ಲ. ಅವಳು ಯಾವ ಕಡೆ ಬಂದರೂ ಬಾಗಿಲಿಗೆ ಬೀಗ ಇರಬಾರದು. ಕೆಲಸಕ್ಕೆ ಹೋಗುತ್ತಿಲ್ಲ.

ಹಿಂದಿನ ಕಾಗದದಲ್ಲಿ ಒಂದನ್ನು ಬರೆಯಲಿಲ್ಲ. ಲೋಟ ತೊಳೆದಿಟ್ಟ ಮೇಲೆ ಅವಳು ಇನ್ನೊಂದು ಕೇಳಿದಳು. "ಈಗ?" ಎಂದು, ಅಷ್ಟೇ. ಈಗ ಏನು ಎಂದೆ. "ಏನಿಲ್ಲ" ಅಂದಳು. ಏನು ಕೇಳಿದಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೇಕು ಎನ್ನಬೇಕಾಗಿತ್ತು. ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳುವ ಹಕ್ಕು ನಿನ್ನದು, ಸಾಕಿದವಳು ನೀನು, ಮನೆಗೆ ಹೋದರೆ ನೀನೇ ಹೇಳುತ್ತೀ ಎಂದು ನುಂಗಿಕೊಂಡೆ. ಅವಳು ಮನೆಗೆ ಬರಲಿಲ್ಲ. ಅವಳು ಕೇಳಿದ ಆ ಒಂದಕ್ಕೆ ಉತ್ತರ ಕೊಟ್ಟವರು ಯಾರೂ ಇಲ್ಲ.

ಯಾವ ಬಸ್ಸು ಹತ್ತಿದಳು ಎಂದು ಠಾಣೆಯಲ್ಲಿ ಕೇಳಿದರು. ನನಗೆ ಗೊತ್ತಿಲ್ಲ ಅಕ್ಕಾ. ಅವಳು ತಿರುಗಿ ನೋಡಿಬಿಟ್ಟರೆ ಏನು ಮಾಡಲಿ ಎಂದು ಹೆದರಿ, ನಾನೇ ಮೊದಲು ತಿರುಗಿ ಬಂದುಬಿಟ್ಟೆ.

ತಂಗಿ